ಇಬ್ಬರು ಗುರುಗಳ ನಡುವಣ ಯೋಧ

ಮಾಲೇಕಲ್ಲು ತಿರುಪತಿಯ ಮೆಟ್ಟಿಲುಗಳನ್ನೇರಿ ವೆಂಕಟರಮಣನ ದರ್ಶನವನ್ನು ಪಡೆದು, ಅರಸೀಕೆರೆಯಿಂದ ಹಳೇಬೀಡಿಗೆ ಬಂದು, ಸುಮಾರು 1121ರಲ್ಲಿ ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲನು ಕಟ್ಟಿಸತೊಡಗಿದ ಹೊಯ್ಸಳೇಶ್ವರನ ಗುಡಿಯ ಭಿತ್ತಿಯ ಮುಂದೆ ನಿಂತಾಗ, ನನ್ನ ಮನಸ್ಸು ಆಲಿವರ್ ಸ್ಟೋನ್ ನಿರ್ದೇಶಿಸಿದ 1986ರ ‘ಪ್ಲಟೂನ್’ ಚಿತ್ರದತ್ತ ಹರಿಯಿತು. ವಿಯೆಟ್ನಾಮಿನ ಕಾಡಿನಲ್ಲಿ ತರುಣ ಸೈನಿಕ ಟೇಲರನ ಅಂತಃಕರಣಕ್ಕಾಗಿ ಕ್ರೂರನಾದ ಬಾರ್ನ್ಸ್, ದಯಾರ್ದ್ರನಾದ ಇಲಾಯಸ್ ಎಂಬ ಇಬ್ಬರು ಸಾರ್ಜೆಂಟರು ಸೆಣಸುವ ಕಥೆಯದು.

ನಮ್ಮ ಶಿಲ್ಪಿಯ ಬಳಪದ ಕಲ್ಲಿನಲ್ಲಿಯಾದರೋ ಆ ಸಂಘರ್ಷವು ಇನ್ನೂ ಜಟಿಲ. ಕಿರಿದಾದ ಪಟ್ಟಿಕೆಯಲ್ಲಿ ಸುರುಳಿ ಸುರುಳಿಯಾಗಿ ಬಿಗಿದ ಚಕ್ರವ್ಯೂಹವನ್ನೂ, ಒಳಹೊಕ್ಕು ಹೊರಬರಲರಿಯದ ಅಭಿಮನ್ಯುವನ್ನೂ ಕಂಡಾಗ, ಆ ವ್ಯೂಹವನ್ನು ರಚಿಸಿದವನು ಬಾಲಕನ ತಂದೆ ಅರ್ಜುನನಿಗೇ ಬಿಲ್ವಿದ್ಯೆಯನ್ನು ಕಲಿಸಿದ ದ್ರೋಣನೆಂಬುದು ನೆನಪಾಗಿ ಎದೆ ಭಾರವಾಗುತ್ತದೆ. ಆ ಎಳೆಯನನ್ನು ನಿರಾಯುಧನಾಗಿಸುವ ಉಪಾಯವನ್ನು ಕರ್ಣನಿಗೆ ಅರುಹಿದವನೂ ಆತನೇ. ಅರ್ಜುನನಿಗೆ ಒಂದೆಡೆ ಈ ಆಚಾರ್ಯ, ಇನ್ನೊಂದೆಡೆ ಕುದುರೆಗಳ ವಾಘೆ ಹಿಡಿದ ಕೃಷ್ಣ; ಆದರೆ ಆ ಸಾರಥಿಯೂ ನಿಷ್ಕಳಂಕನಲ್ಲ, ದ್ರೋಣನನ್ನು ಕೆಡಹಲು ಧರ್ಮರಾಜನ ಬಾಯಿಂದ ಅರೆಸತ್ಯವನ್ನು ನುಡಿಸಿದವನು.

ಚಿತ್ರದಲ್ಲಿ ಕೇಡಿಗ ಯಾರೆಂದು ಬಾರ್ನ್ಸನ ಮುಖದ ಗಾಯದ ಕಲೆಯೇ ಸಾರುತ್ತದೆ. ಹಳೇಬೀಡಿನ ಉಳಿಯು ಅಂತಹ ಯಾವ ಗುರುತನ್ನೂ ಕೊಡುವುದಿಲ್ಲ. ಇದನ್ನೇ ನಾನು ಹಿರಿದಾದ ಕಲೆಯೆಂದು ಭಾವಿಸುತ್ತೇನೆ. ಮಣಿಹಾರ, ಕಿರೀಟ, ಬಾಗಿದ ಬಿಲ್ಲು ಇವೆಲ್ಲವೂ ಉಭಯ ಪಕ್ಷಗಳಲ್ಲಿಯೂ ಒಂದೇ ಅಕ್ಕರೆಯಿಂದ ಕಡೆಯಲ್ಪಟ್ಟಿವೆ.