ಒತ್ತಿಗೆ ಜಾಗ ಬಿಡದ ಪುಟ

ನಾನು ಕೆಲಸ ಮಾಡಿದ ಕನ್ನಡ ಜಾಲತಾಣಗಳಲ್ಲಿ ಬಹುಪಾಲು, ಕನ್ನಡ ಬರಹ ಕೈಗೆ ಬರುವ ಮೊದಲೇ ತಯಾರಾಗಿದ್ದವು. ವಿನ್ಯಾಸದ ತಂತ್ರಾಂಶ ಫಿಗ್ಮಾದಲ್ಲಿ ಚೌಕಟ್ಟು ಹಾಕುತ್ತೇವೆ, ಬರಹದ ಜಾಗಕ್ಕೆ ಲೋರೆಮ್ ಇಪ್ಸಮ್ ಸುರಿಯುತ್ತೇವೆ, ಮಾಡಿಸುವವರು ನೋಡಿ ಒಪ್ಪುತ್ತಾರೆ. ಕನ್ನಡ ಕೊನೆಗೆ ಬಂದು ಸಿಕ್ಕಷ್ಟು ಜಾಗದಲ್ಲಿ ಮೈ ಕುಗ್ಗಿಸಿ ಕೂರುತ್ತದೆ. ಈ ರೂಢಿಯ ಬಗ್ಗೆ ನನಗೆ ದೊಡ್ಡ ತಕರಾರಿದೆ.

ಲೋರೆಮ್ ಇಪ್ಸಮ್‌ನ ಮೂಲ ಕ್ರಿ.ಪೂ. 45ರಲ್ಲಿ ಸಿಸೆರೊ ಒಳಿತು ಕೆಡುಕುಗಳ ಕುರಿತು ಬರೆದ ಲ್ಯಾಟಿನ್ ಗ್ರಂಥ. ಅದರ ಮಾತುಗಳನ್ನು ತುಂಡರಿಸಿ, ಅರ್ಥ ಕಳೆದು ಜೋಡಿಸಿದ ಸಾಲುಗಳಿವು. 1960ರ ದಶಕದಲ್ಲಿ ಅಕ್ಷರ ಉಜ್ಜಿ ಅಂಟಿಸುವ ಲೆಟ್ರಾಸೆಟ್ ಹಾಳೆಗಳು, 80ರ ದಶಕದಲ್ಲಿ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ ಇವನ್ನು ಎಲ್ಲೆಡೆ ಹರಡಿದವು. ಇಂಗ್ಲಿಷ್ ಪುಟಕ್ಕೆ ಇದರಿಂದ ಉಪಯೋಗವಿದೆ. ಲಿಪಿ ಒಂದೇ, ಪದಗಳ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಕನ್ನಡಕ್ಕೆ ಇದು ಸುಳ್ಳು ಅಳತೆ. ನಮ್ಮ ಅಕ್ಷರ ಮೇಲಕ್ಕೂ ಬೆಳೆಯುತ್ತದೆ, ಕೆಳಕ್ಕೂ ಇಳಿಯುತ್ತದೆ. 'ಜ್ಯೋತ್ಸ್ನಾ' ಎಂಬಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಅರ್ಕಾವತ್ತು ಪದವನ್ನು ಬಲಕ್ಕೆ ಹಿಗ್ಗಿಸುತ್ತದೆ. 'ನೋಂದಾಯಿಸಿಕೊಳ್ಳಬೇಕಾಗುತ್ತದೆ' ಎಂಬ ಒಂದೇ ಪದ ಮೊಬೈಲಿನ ಇಡೀ ಸಾಲನ್ನು ತಿಂದುಬಿಡಬಲ್ಲದು.

ಒಂದು ಪುಸ್ತಕದಂಗಡಿಗೆ ನಾನೇ ಮಾಡಿದ ಪುಟದಲ್ಲಿ 'ಪುಸ್ತಕ' ಎಂಬುದು 'ಪುಸಕ' ಆಗಿತ್ತು. ಬಟನ್ನಿನ ಎತ್ತರವನ್ನು 32 ಪಿಕ್ಸೆಲ್‌ಗೆ ಬಿಗಿದು, ಅಂಚು ಮೀರಿದ್ದನ್ನು ಮರೆಮಾಡುವಂತೆ ಬರೆದಿದ್ದೆ. ತಕಾರದ ಒತ್ತು ಕತ್ತರಿಸಿಹೋಗಿತ್ತು. ತಪ್ಪನ್ನು ಮೊದಲು ಕಂಡವರು ಅಂಗಡಿಯ ಹಿರಿಯರು. "ಇದೇನ್ರೀ, ನಮ್ಮ ಮಾಲಿನ ಹೆಸರೇ ಸರಿಯಿಲ್ವಲ್ಲ" ಎಂದರು. ಆವತ್ತಿನಿಂದ ಬಟನ್ನಿಗೆ ಎತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಸುತ್ತ ಪ್ಯಾಡಿಂಗ್ ಕೊಟ್ಟರೆ ಅಕ್ಷರ ತನಗೆ ಬೇಕಾದಷ್ಟು ಜಾಗ ತಾನೇ ತೆಗೆದುಕೊಳ್ಳುತ್ತದೆ.

ವಿನ್ಯಾಸಗಾರರಿಗೆ ದಿನವೂ ಸಿಗುವ ಕಿವಿಮಾತುಗಳನ್ನು ಈ ಕಣ್ಣಿನಿಂದಲೇ ತೂಗಬೇಕು. ತಲೆಬರಹಕ್ಕೆ 1.1 ಲೈನ್ ಹೈಟ್ ಸಾಕು ಎನ್ನುತ್ತಾರೆ. ಹಾಗೆ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾನು ತಲೆಬರಹಕ್ಕೆ 1.4, ಒಳಬರಹಕ್ಕೆ 1.7 ಇಡುತ್ತೇನೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದರೆ ಘನತೆ ಬರುತ್ತದೆ ಎಂಬುದು ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಸಲ್ಲುವ ಮಾತು. ಕನ್ನಡದಲ್ಲಿ ಪದ ಬಿಡಿಬಿಡಿಯಾಗಿ ಚೆಲ್ಲಿದಂತೆ ಕಾಣುತ್ತದೆ. ಇಟಾಲಿಕ್ ಅಂತೂ ಬೇಡವೇ ಬೇಡ. ನಮ್ಮ ಬಹುತೇಕ ಫಾಂಟ್‌ಗಳಲ್ಲಿ ಓರೆ ರೂಪವೇ ಇಲ್ಲ, ಬ್ರೌಸರ್ ಅಕ್ಷರವನ್ನು ಬಲವಂತವಾಗಿ ವಾಲಿಸುತ್ತದೆ. ತೆಳು ಬೂದುಬಣ್ಣದ ಬರಹದ ಮೋಹವೂ ಅಷ್ಟೇ. ಜಾಲತಾಣ ಎಲ್ಲರಿಗೂ ಎಟುಕಬೇಕೆಂದು ರೂಪಿಸಿದ ಡಬ್ಲ್ಯೂಸಿಎಜಿ ನಿಯಮ ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಕೇಳುತ್ತದೆ. ಒತ್ತುಗಳು ಮೂಲಾಕ್ಷರಕ್ಕಿಂತ ಚಿಕ್ಕವು, ಬಣ್ಣ ತೆಳುವಾದರೆ ಮೊದಲು ಮಾಯವಾಗುವುದು ಅವೇ. ಅದಕ್ಕೇ ನಾನು ಆ ಅಳತೆಗಿಂತ ಸಾಕಷ್ಟು ಮೇಲೆಯೇ ಇರುತ್ತೇನೆ.

ಫಾಂಟ್‌ಗಳ ಕೊರತೆ ಎಂಬ ನೆಪ ಈಗ ನಡೆಯದು. ನೋಟೋ, ಬಲೂ ತಮ್ಮ, ಅನೇಕ್, ಟಿರೋ ಎಲ್ಲವೂ ಉಚಿತವಾಗಿ ಸಿಗುತ್ತವೆ.

ಸ್ಫೂರ್ತಿಯ ಮಾತಿಗೆ ಬಂದರೆ, ಹೊಸಬರು ಬೆಳಿಗ್ಗೆ ಎದ್ದು ಡ್ರಿಬಲ್, ಬಿಹಾನ್ಸ್, ಆವಾರ್ಡ್ಸ್ ನೋಡುತ್ತಾರೆ. ನೋಡಲಿ, ಬಣ್ಣಗಳ ಹೊಂದಿಕೆ, ಖಾಲಿ ಜಾಗದ ಧೈರ್ಯ ಅಲ್ಲಿ ಕಲಿಯಲು ಸಿಗುತ್ತವೆ. ಆದರೆ ನನ್ನ ಕಣ್ಣು ತೆರೆಸಿದ್ದು ಬಸ್ಸಿನ ಬೋರ್ಡು ಬರೆಯುತ್ತಿದ್ದ ಒಬ್ಬ ಪೇಂಟರ್. ಅವರು ಚಾಕ್‌ಪೀಸಿನಲ್ಲಿ ಎರಡು ಗೆರೆ ಎಳೆದು, ಕೆಳಗಿನ ಗೆರೆಯಡಿ ಒಂದು ಬೆರಳಷ್ಟು ಜಾಗ ಬಿಟ್ಟು ಕುಂಚ ಹಿಡಿಯುತ್ತಿದ್ದರು. 'ಹುಬ್ಬಳ್ಳಿ' ಬರೆಯುವಾಗ ಎರಡೂ ಒತ್ತು ಆ ಬೆರಳಗಲದಲ್ಲಿ ನಿರಾಳವಾಗಿ ಕೂರುತ್ತಿದ್ದವು. ಊರಿನ ಹೆಸರು ತಿಳಿದ ಮೇಲೆಯೇ ಅವರು ಗೆರೆ ಎಳೆಯುತ್ತಿದ್ದುದು.

ವೆಬ್ ಲೋಕದಲ್ಲೇ ಈ ಕ್ರಮಕ್ಕೆ ಒಂದು ದೊಡ್ಡ ಮಾದರಿಯಿದೆ. 2003ರಲ್ಲಿ ಕೆನಡಾದ ಡೇವ್ ಶೇ ಶುರುಮಾಡಿದ ಸಿಎಸ್ಎಸ್ ಝೆನ್ ಗಾರ್ಡನ್‌ನಲ್ಲಿ ಎಚ್‌ಟಿಎಂಎಲ್ ಕಡತ ಒಂದೇ. ಜಗತ್ತಿನ ವಿನ್ಯಾಸಗಾರರು ಅದನ್ನು ಮುಟ್ಟದೆ, ಸಿಎಸ್ಎಸ್ ಮತ್ತು ಚಿತ್ರಗಳಿಂದಲೇ ಅದಕ್ಕೆ ನೂರಾರು ರೂಪ ಕೊಟ್ಟರು. ಬರಹ ಸ್ಥಿರ, ಉಡುಗೆ ಬೇರೆ ಬೇರೆ. ಇಂದಿನ ಟೆಂಪ್ಲೇಟ್‌ಗಳಲ್ಲಿ ಉಡುಗೆ ಮೊದಲೇ ಹೊಲಿದಿರುತ್ತದೆ, ಮೈ ಅದಕ್ಕೆ ತಕ್ಕಂತೆ ಬಗ್ಗಬೇಕು. ಝೆನ್ ಗಾರ್ಡನ್‌ನ ಹಲವು ವಿನ್ಯಾಸಗಳು ಇಂದು ಹಳತಾಗಿ ಕಾಣುತ್ತವೆ. ಪಿಕ್ಸೆಲ್ ಲೆಕ್ಕದಲ್ಲಿ ಬಿಗಿದ ಪುಟಗಳು ಮೊಬೈಲಿಗೆ ಹೊಂದುವುದಿಲ್ಲ. ಆದರೂ ನಾನು ಕಲಿಸುವ ಹುಡುಗರಿಗೆ ಮೊದಲು ತೋರಿಸುವುದು ಅದನ್ನೇ. ತೋರಿಸಿ, ಒಂದು ಪುಟದ ಕನ್ನಡ ಬರಹ ಕೈಗಿಡುತ್ತೇನೆ. ಅದರಲ್ಲಿ 'ರಾಷ್ಟ್ರೀಯ', 'ಉತ್ಕೃಷ್ಟ', 'ಸ್ತ್ರೀ' ಎಲ್ಲ ಬೇಕೆಂದೇ ಸೇರಿಸಿರುತ್ತೇನೆ. ಮೊದಲ ದಿನ ಅದನ್ನು ಓದುವುದಷ್ಟೇ ಕೆಲಸ. ಫಿಗ್ಮಾ ತೆರೆಯುವುದು ಮರುದಿನ.