ಮಂಜುಗಡ್ಡೆಯ ಕೆಳಗಣ ಬಲೆ: ಹರ್ನನ ಪ್ರವಾಸಕಥನದಲ್ಲಿ ಸ್ವಭಾವೋಕ್ತಿ

ಹಡ್ಸನ್ ಬೇ ಕಂಪೆನಿಯ ನೌಕರನಾಗಿದ್ದ ಸಾಮ್ಯುಯೆಲ್ ಹರ್ನನ ಪ್ರವಾಸಕಥನವು 1795ರಲ್ಲಿ, ಗ್ರಂಥಕರ್ತನು ತೀರಿಕೊಂಡ ಮೂರು ವರ್ಷಗಳ ತರುವಾಯ, ಲಂಡನ್ನಿನಲ್ಲಿ ಅಚ್ಚಾಯಿತು. ಹಡ್ಸನ್ ಕೊಲ್ಲಿಯ ತೀರದ ಪ್ರಿನ್ಸ್ ಆಫ್ ವೇಲ್ಸ್ ಕೋಟೆಯಿಂದ ಹೊರಟು, ತಾಮ್ರದ ಗಣಿಯನ್ನು ಹುಡುಕುತ್ತ, ಉತ್ತರ ಸಮುದ್ರದವರೆಗೂ ನಡೆದುಹೋಗಿ ಹಿಂದಿರುಗಿದ ಕಥೆಯು ಅದರಲ್ಲಿದೆ. 1769ರಿಂದ 1772ರ ವರೆಗೆ ಅವನು ಮೂರು ಸಲ ಹೊರಟನು. ಎರಡು ಸಲ ಸೋತು ಬಂದನು. ಮೂರನೆಯ ಸಲ ಚಿಪೆವಯನ್ ಜನರ ಮುಖಂಡನಾದ ಮಟೊನಬ್ಬೀ ಎಂಬವನ ಬೆಂಬಲದಿಂದ ಗುರಿಯನ್ನು ಮುಟ್ಟಿದನು. ಈ ಗ್ರಂಥಕ್ಕೆ ಬಂದಿರುವ ಕೀರ್ತಿಯ ಹೆಚ್ಚಿನ ಪಾಲು ಒಂದೇ ಒಂದು ಸನ್ನಿವೇಶದಿಂದ ಬಂದುದು. 1771ರ ಜುಲೈ ತಿಂಗಳಿನಲ್ಲಿ, ಕಾಪರ್‌ಮೈನ್ ನದಿಯ ಜಲಪಾತದ ಬಳಿ, ಅವನ ಜತೆಗಾರರು ಮಲಗಿ ನಿದ್ರಿಸುತ್ತಿದ್ದ ಇನ್ಯೂಯಿಟ್ ಜನರ ಮೇಲೆ ಬಿದ್ದು ನಡೆಯಿಸಿದ ಕೊಲೆಯೇ ಆ ಸನ್ನಿವೇಶ. ಓದಿದವರು ಅದನ್ನು ಮರೆಯಲಾರರು, ನಿಜ. ಆದರೆ ಆ ಪುಟಗಳ ಮಾತು ಹದಿನೆಂಟನೆಯ ಶತಮಾನದ ಇಂಗ್ಲಿಷ್ ಕಾದಂಬರಿಗಳ ಕಣ್ಣೀರಿನಲ್ಲಿ ತೊಯ್ದ ಮಾತು. ಹಸ್ತಪ್ರತಿಗಳಿಗೂ ಅಚ್ಚಾದ ಗ್ರಂಥಕ್ಕೂ ಈ ಭಾಗದಲ್ಲಿ ವ್ಯತ್ಯಾಸಗಳಿವೆಯೆಂದು ಈಚಿನ ವಿದ್ವಾಂಸರು ತೋರಿಸಿ, ಇದರಲ್ಲಿ ಬೇರೆ ಕೈಗಳೂ ಆಡಿರಬಹುದೆಂದು ಶಂಕಿಸಿರುವರು. ಆ ವಾದ ಹೇಗೇ ಇರಲಿ, ಗ್ರಂಥದ ಶ್ರೇಷ್ಠವಾದ ಪುಟ ಅದಲ್ಲವೆಂದು ನನ್ನ ಅಭಿಪ್ರಾಯ. ಮಂಜುಗಡ್ಡೆಯ ಕೆಳಗೆ ಬಲೆಯನ್ನು ಹಾಸುವ ಬಗೆಯನ್ನು ತಿಳಿಸುವ ಪುಟವೊಂದು ಎರಡನೆಯ ಪ್ರವಾಸದ ಭಾಗದಲ್ಲಿ ಬರುತ್ತದೆ. ಅದರಲ್ಲಿ ರಕ್ತವಿಲ್ಲ, ಕಣ್ಣೀರಿಲ್ಲ, ಒಂದು ಉಪಮೆಯೂ ಇಲ್ಲ. ಆದುದರಿಂದಲೇ ಇರಬೇಕು, ವಿಮರ್ಶಕರು ಅದನ್ನು ದಾಟಿಕೊಂಡು ಹೋಗುತ್ತಾರೆ.

ನಮ್ಮ ನಾಡಿನ ವಾಚಕರಿಗಾಗಿ ಒಂದು ಮಾತು. ಕೆರೆಯ ನೀರು ಗಟ್ಟಿಯಾಗುವುದನ್ನು ಕಾಣದ ನಾವು, ಅದು ತಳದವರೆಗೂ ಕಲ್ಲಾಗುವುದೆಂದು ಊಹಿಸಿಕೊಳ್ಳುವುದುಂಟು. ಸೃಷ್ಟಿಯ ಏರ್ಪಾಡು ಹಾಗಿಲ್ಲ. ನೀರು ಸೆಂಟಿಗ್ರೇಡ್ ಮಾಪಕದ 4 ಡಿಗ್ರಿಯಲ್ಲಿ ಅತ್ಯಂತ ಭಾರವಾಗಿರುವುದು. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆಯೇ ನಿಂತು, ಮೇಲೆಯೇ ಗಡ್ಡೆಕಟ್ಟುವುದು. ಹೀಗೆ ಕೆನೆಗಟ್ಟಿದ ಗಡ್ಡೆಯು ಕೆಳಗಣ ನೀರಿಗೆ ಕಂಬಳಿಯಾಗುತ್ತದೆ. ಆಳವಾದ ಸರೋವರಗಳಲ್ಲಿ ಮೀನುಗಳು ಚಳಿಗಾಲವೆಲ್ಲವನ್ನೂ ಆ ಕತ್ತಲೆಯಲ್ಲಿ ಜೀವದಿಂದಿದ್ದು ಕಳೆಯುತ್ತವೆ. ಮೇಲೆ ನಡೆಯುವ ಮನುಷ್ಯನಿಗೂ ಅವನ ಆಹಾರಕ್ಕೂ ನಡುವೆ ಹಲವು ಅಡಿ ದಪ್ಪದ ಚಪ್ಪಡಿ ಬಿದ್ದಿರುತ್ತದೆ. ಸಮಸ್ಯೆಯೆಂದರೆ ಇದು: ಗಾಳವನ್ನಾದರೋ ಒಂದು ತೂತಿನಿಂದ ಇಳಿಬಿಡಬಹುದು, ಹತ್ತಾರು ಮಾರು ಉದ್ದದ ಬಲೆಯನ್ನು ಆ ಚಪ್ಪಡಿಯ ಅಡಿಯಲ್ಲಿ ಹರಡುವುದು ಹೇಗೆ?

ಹರ್ನನು ಹೇಳುವ ಕ್ರಮವಿದು. ಮೊದಲು ಬಲೆಯನ್ನು ಮಂಜುಗಡ್ಡೆಯ ಮೇಲೆಯೇ ಚಾಚಿ ಅದರ ಉದ್ದವನ್ನು ನಿಷ್ಕರ್ಷಿಸಬೇಕು. ಆ ಉದ್ದಕ್ಕೆ ಸರಿಯಾಗಿ, ಹತ್ತು ಹನ್ನೆರಡು ಅಡಿಗೊಂದರಂತೆ, ಸಾಲಾಗಿ ದುಂಡನೆಯ ತೂತುಗಳನ್ನು ಕೊರೆಯಬೇಕು. ಉದ್ದವಾದ ಹಗುರ ಕೋಲೊಂದಕ್ಕೆ ಹಗ್ಗವನ್ನು ಕಟ್ಟಿ, ಕೊನೆಯ ತೂತಿನಿಂದ ನೀರಿಗಿಳಿಸಿ, ಎರಡು ಕವೆಗೋಲುಗಳ ಸಹಾಯದಿಂದ ಗಡ್ಡೆಯ ಅಡಿಯಲ್ಲಿಯೇ ಒಂದು ತೂತಿನಿಂದ ಮತ್ತೊಂದಕ್ಕೆ ಸಾಗಿಸುತ್ತ ಹೋಗಬೇಕು. ಕೋಲು ಆಚೆಯ ಕೊನೆಯನ್ನು ಮುಟ್ಟಿದಾಗ ಅದನ್ನು ತೆಗೆದುಬಿಟ್ಟರೆ ಹಗ್ಗ ಮಾತ್ರ ಉಳಿಯುವುದು. ಹಗ್ಗದ ಒಂದು ತುದಿಗೆ ಒಬ್ಬರು ಬಲೆಯನ್ನು ಕಟ್ಟುವರು. ಆಚೆಯಿಂದ ಮತ್ತೊಬ್ಬರು ಎಳೆದುಕೊಳ್ಳುವರು. ಬಲೆಯ ಕೆಳಗಣ ಮೂಲೆಗಳೆರಡಕ್ಕೂ ಒಂದೊಂದು ದೊಡ್ಡ ಕಲ್ಲು; ನೀರಿನ ಸೆಳೆತಕ್ಕೆ ಬಲೆ ಮೇಲೇಳದಿರಲೆಂದು. ಆಮೇಲೆ ಬಲೆಯನ್ನು ನೋಡಬೇಕಾದಾಗ ಎಲ್ಲ ತೂತುಗಳನ್ನೂ ತೆರೆಯಬೇಕಾದುದಿಲ್ಲ. ಎರಡು ಕೊನೆಗಳವನ್ನು ತೆರೆದರೆ ಸಾಕು. ಒಬ್ಬರು ಹಗ್ಗವನ್ನು ಸಡಿಲ ಬಿಡುತ್ತಿರಲು ಇನ್ನೊಬ್ಬರು ಬಲೆಯನ್ನು ಹೊರಕ್ಕೆಳೆದು, ಮೀನು ಬಿಡಿಸಿ, ಅದೇ ಹಗ್ಗದಿಂದ ಮರಳಿ ಸ್ವಸ್ಥಾನಕ್ಕೆ ಎಳೆಯುವರು.

ಇದರಲ್ಲಿ ಸಾಹಿತ್ಯವೆಲ್ಲಿದೆಯೆಂದು ಕೇಳುವವರಿರಬಹುದು. ಕೇಳಬೇಕಾದ ಪ್ರಶ್ನೆಯೇ. ನಮ್ಮ ಆಲಂಕಾರಿಕರೂ ಇದನ್ನು ಕೇಳಿಕೊಂಡು ಜಗಳವಾಡಿರುವರು. ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳ ಸಾಲಿನಲ್ಲಿ ಮೊದಲನೆಯದಾಗಿ ನಿಲ್ಲಿಸಿ, ಜಾತಿ, ಕ್ರಿಯೆ, ಗುಣ, ದ್ರವ್ಯಗಳೆಂಬ ನಾಲ್ಕು ವಿಷಯಗಳಿಂದ ಅದಕ್ಕೆ ನಾಲ್ಕು ಬಗೆಗಳನ್ನು ಕಾಣಿಸಿದನು. ಶಾಸ್ತ್ರದಲ್ಲಿ ಅದರದೇ ರಾಜ್ಯವೆಂದೂ ಕಾವ್ಯದಲ್ಲಿಯೂ ಅದು ಬೇಕಾದುದೇ ಎಂದೂ ಅವನ ಮತ. ವಕ್ರೋಕ್ತಿಯ ಪಕ್ಷಪಾತಿಯಾದ ಕುಂತಕನು ಇದನ್ನು ಒಪ್ಪಲಿಲ್ಲ: ವಸ್ತುವಿನ ಸ್ವಭಾವವೇ ಅಲಂಕರಿಸಬೇಕಾದ ಶರೀರವಾಗಿರುವಲ್ಲಿ, ಅದೇ ಅಲಂಕಾರವಾಗುವುದೆಂತು ಎಂಬುದು ಅವನ ಆಕ್ಷೇಪ. ಹರ್ನನ ಪುಟವನ್ನು ಮುಂದಿಟ್ಟುಕೊಂಡು ನೋಡಿದರೆ ನಾನು ದಂಡಿಯ ಪಕ್ಷವನ್ನು ಸೇರುವೆನು. ಏಕೆಂದರೆ ಸ್ವಭಾವವನ್ನು ಹೇಳುವುದು ಕಂಡದ್ದನ್ನೆಲ್ಲ ಹೇಳಿಬಿಡುವುದಲ್ಲ. ಚಳಿ ಎಷ್ಟಿತ್ತು, ಆಕಾಶ ಯಾವ ಬಣ್ಣದ್ದಾಗಿತ್ತು, ಕೈ ಹೇಗೆ ಮರಗಟ್ಟಿತು ಎಂಬುದನ್ನು ಹರ್ನನು ಇಲ್ಲಿ ಹೇಳುವುದಿಲ್ಲ. ಕೆಲಸಕ್ಕೆ ಬೇಕಾದುದನ್ನು, ಕೆಲಸಕ್ಕೆ ಬೇಕಾದ ಅನುಕ್ರಮದಲ್ಲಿ ಹೇಳುತ್ತಾನೆ. ಅವನ ವಾಕ್ಯವು ಆ ಕೋಲಿನಂತೆಯೇ ತೂತಿನಿಂದ ತೂತಿಗೆ ಸಾಗುತ್ತದೆ. ಕೊನೆಗೆ ಕೋಲನ್ನು ತೆಗೆದುಬಿಟ್ಟು ಹಗ್ಗವನ್ನು ಉಳಿಸುತ್ತದೆ. ಎಂದೂ ಸರೋವರವನ್ನು ಕಾಣದವನು ಆ ಪುಟವನ್ನೋದಿ ಬಲೆ ಹಾಸಬಲ್ಲನು. ದಂಡಿಯ ವಿಭಾಗದಲ್ಲಿ ಇದು ಕ್ರಿಯಾಸ್ವಭಾವೋಕ್ತಿ. ಅದಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆಯನ್ನು ಇಂಗ್ಲಿಷ್ ಗದ್ಯದಲ್ಲಿ ನಾನು ಓದಿದುದಿಲ್ಲ.

ಇಂತಹ ದೃಷ್ಟಿಯು ಅವನಿಗೆ ಎಲ್ಲಿಂದ ಬಂದಿತೆಂಬುದಕ್ಕೆ ಗ್ರಂಥದಲ್ಲಿಯೇ ಉತ್ತರವಿದೆ. 1770ರ ಫೆಬ್ರವರಿಯಲ್ಲಿ ಎರಡನೆಯ ಸಲ ಹೊರಟ ತಂಡವು, ಹವೆಯು ತಿಳಿಯಾಗಿ ಹಕ್ಕಿಗಳು ಬರುವವರೆಗೂ ಮುಂದೆ ಹೋಗುವುದು ಬೇಡವೆಂದು, ಸರೋವರವೊಂದರ ಬಳಿ ಗುಡಾರ ಹಾಕಿ ಬಲೆಯ ಮೀನನ್ನು ನಂಬಿ ಕುಳಿತಿತು. ಕೆಲವು ದಿನ ಮೀನು ಚೆನ್ನಾಗಿ ಬಿದ್ದಿತು. ಏಪ್ರಿಲ್ ತಿಂಗಳ ಮೊದಲನೆಯ ದಿನ ಒಂದು ಮೀನೂ ಇಲ್ಲ! ಹಿಂದಿನ ದಿನಗಳ ಮೀನನ್ನೆಲ್ಲ ಜತೆಗಾರರು ಉಳಿಸದೆ ತಿಂದು ಮಲಗಿದ್ದರೆಂದು ಹರ್ನನು ಗೊಣಗುತ್ತಾನೆ. ಎಲ್ಲರೂ ಗಾಳಗಳನ್ನು ಹಿಡಿದು ಹೊರಟರು. ಇಡೀ ದಿನ ಕುಳಿತರೂ ಅದೂ ವ್ಯರ್ಥವಾಯಿತು. ಈ ಸಂಗತಿಯ ಪಕ್ಕದಲ್ಲಿಟ್ಟು ಓದಿದಾಗಲೇ ಬಲೆಯ ವರ್ಣನೆಯ ಬೆಲೆ ತಿಳಿಯುವುದು. ಇಪ್ಪತ್ತೈದು ವರ್ಷದ ಆ ಯುವಕನಿಗೆ ಕೋಲಿನ ಉದ್ದವೂ ಕಲ್ಲಿನ ತೂಕವೂ ಕುತೂಹಲದ ವಿಷಯಗಳಾಗಿರಲಿಲ್ಲ. ಅವು ರಾತ್ರಿಯ ಊಟವಾಗಿದ್ದುವು. ಗಾಳದ ವಿಷಯದಲ್ಲಿ ಅವನು ಗಮನಿಸಿರುವುದೂ ಹೀಗೆಯೇ ಸೂಕ್ಷ್ಮವಾದುದು. ಒಂದೆರಡು ಅಡಿ ಅಗಲದ ತೂತು ಕೊರೆದು ಎರೆ ಸಿಕ್ಕಿಸಿದ ಗಾಳವನ್ನು ಇಳಿಬಿಡುವುದಷ್ಟೇ ಆದರೂ, ಅದನ್ನು ಸದಾ ಆಡಿಸುತ್ತಿರಬೇಕು. ಇದರಿಂದ ಎರಡು ಲಾಭ: ಕದಡುತ್ತಿರುವ ನೀರು ಬೇಗ ಗಡ್ಡೆಗಟ್ಟದು; ಅಲ್ಲದೆ ನಿಂತ ಎರೆಗಿಂತ ಆಡುವ ಎರೆಗೆ ಆ ಕಡೆಯ ಮೀನುಗಳು ಬೇಗ ಬಾಯಿ ಹಾಕುತ್ತವೆ. ಒಂದೇ ಕೈಚಲನೆಯಿಂದ ನೀರನ್ನೂ ಮೀನನ್ನೂ ಎಚ್ಚರವಾಗಿಡುವ ಈ ಉಪಾಯವನ್ನು ಹೇಳಿ, ಮತ್ತೊಂದು ಮಾತನ್ನೂ ಸೇರಿಸದೆ ಅವನು ಮುಂದೆ ಹೋಗುತ್ತಾನೆ. ಆ ಸಂಯಮವನ್ನು ಮೆಚ್ಚಬೇಕು.

ಈ ಸಂಯಮವು ಎಷ್ಟು ಅಪರೂಪವೆಂಬುದನ್ನು ಬೇರೆಯ ಗ್ರಂಥಗಳೊಡನೆ ಹೋಲಿಸಿದಾಗ ಕಾಣಬಹುದು. ಹಿಮದ ಮೇಲಿನ ಮೀನು ಬೇಟೆಯ ಕಥೆಗಳಲ್ಲಿ ಯೂರೋಪಿನಲ್ಲೆಲ್ಲ ಬಹಳ ಹರಡಿರುವುದು ತೋಳನ ಬಾಲದ ಕಥೆ. ನರಿಯ ಮಾತನ್ನು ನಂಬಿ ತೋಳನು ಬಾಲವನ್ನು ತೂತಿನೊಳಗೆ ಇಳಿಬಿಟ್ಟು, ಮೀನು ಕಚ್ಚಲೆಂದು ಕಾದು, ಬಾಲವು ಹೆಪ್ಪಿನಲ್ಲಿ ಸಿಕ್ಕಿಕೊಳ್ಳಲು ಪೆಟ್ಟು ತಿನ್ನುವನು. ಹನ್ನೆರಡನೆಯ ಶತಮಾನದ ‘ಯ್ಸೆಂಗ್ರಿಮಸ್’ ಎಂಬ ಲ್ಯಾಟಿನ್ ಕಾವ್ಯದಲ್ಲಿ ಇದು ಬರುತ್ತದೆ. ನಾರ್ವೆಯ ಜನಪದದಲ್ಲಿ ತೋಳನ ಬದಲು ಕರಡಿ, ಅದಕ್ಕೆ ಬಾಲ ಮೋಟಾದ ಕಾರಣವೂ ಇದೇ. ಕಥೆ ಸೊಗಸಾದುದು. ಆದರೆ ಇಲ್ಲಿ ಮಂಜುಗಡ್ಡೆಯು ದುರಾಸೆಗೆ ಹಾಕಿದ ಬೋನು, ಅಷ್ಟೇ.

ಥೋರೋ ಮಹಾಶಯನ ‘ವಾಲ್ಡೆನ್’ (1854) ಇನ್ನೂ ಎತ್ತರದ ಗ್ರಂಥ. ಅದರಲ್ಲಿ ಚಳಿಗಾಲದ ಕೊಳವನ್ನು ಕುರಿತ ಅಧ್ಯಾಯವು ಮುಂಜಾನೆ ಗಾಳದ ಹುರಿಯನ್ನೂ ಅಲ್ಪವಾದ ಬುತ್ತಿಯನ್ನೂ ಹಿಡಿದು ಬರುವ ಬೆಸ್ತರನ್ನು ಮೊದಲ ಪುಟಗಳಲ್ಲಿಯೇ ತರುತ್ತದೆ. ಪುಸ್ತಕದ ಪಂಡಿತನು ಹುಡುಕುವುದನ್ನು ಇವರು ಬದುಕಿಯೇ ತಿಳಿದಿರುವರೆಂದು ಥೋರೋ ಮನಸಾರೆ ಹೊಗಳುತ್ತಾನೆ. ಹಿಡಿದ ಮೀನುಗಳ ಬಣ್ಣವನ್ನು ಕಂಡು ರತ್ನಗಳನ್ನು ಕಂಡಂತೆ ಬೆರಗಾಗುತ್ತಾನೆ. ಆದರೆ ಬೆಸ್ತರು ಬೇಗನೆ ಮರೆಯಾಗುತ್ತಾರೆ; ಕೊಳದ ಆಳವನ್ನು ಅಳೆಯುವ ಕೆಲಸ ಬರುತ್ತದೆ; 102 ಅಡಿಯೆಂದು ಗೊತ್ತಾದ ಆ ಆಳವು ನೋಡುತ್ತಿರುವಂತೆಯೇ ಮನುಷ್ಯನ ಮನಸ್ಸಿನ ಆಳವಾಗಿಬಿಡುತ್ತದೆ. ಅಲ್ಲಿ ಕೊಯ್ದ ಮಂಜುಗಡ್ಡೆಯು ಹಡಗೇರಿ ಕಲ್ಕತ್ತೆ ಮದರಾಸುಗಳಿಗೆ ಬರುವುದನ್ನು ನೆನೆದು, ತಾನು ಬೆಳಗಿನಲ್ಲಿ ಓದುವ ಭಗವದ್ಗೀತೆಯ ಪ್ರತಿಯಾಗಿ ವಾಲ್ಡೆನ್ನಿನ ನೀರು ಗಂಗೆಯನ್ನು ಸೇರುವುದೆಂದು ಅವನು ಕಲ್ಪಿಸುವಲ್ಲಿ ನಮ್ಮವರ ಹೃದಯ ಅರಳುವುದು ಸಹಜ. ಹಡಗಿನಲ್ಲಿ ಬಂದ ಆ ಗಡ್ಡೆಯನ್ನು ತುಂಬಿಡಲು ಕಟ್ಟಿದ ಮನೆಯು ಮದರಾಸಿನ ಕಡಲ ತೀರದಲ್ಲಿ ಇಂದಿಗೂ ನಿಂತಿದೆ. ಸ್ವಾಮಿ ವಿವೇಕಾನಂದರು 1897ರಲ್ಲಿ ತಂಗಿದ್ದುದು ಅಲ್ಲಿಯೇ. ಇದೆಲ್ಲ ಉತ್ತಮವಾದ ವಕ್ರೋಕ್ತಿ. ಆದರೆ ರೈಲು ಹಾದುಹೋಗುವ ಊರ ಪಕ್ಕದ ಕೊಳದಲ್ಲಿ ಥೋರೋವಿನ ಊಟಕ್ಕೆ ಆ ದಿನದ ಮೀನೇ ಬೇಕೆಂಬುದಿರಲಿಲ್ಲ. ಆದುದರಿಂದ ಮೀನು ರತ್ನವಾಗಬಹುದಾಗಿತ್ತು. ಹರ್ನನ ಸರೋವರದಲ್ಲಿ ಮೀನು ಮೀನಾಗಿಯೇ ಇರಬೇಕು. ಗ್ರೇಟ್ ಸ್ಲೇವ್ ಸರೋವರದಲ್ಲಿ ಕಂಡ ಭಾರಿ ಮೀನುಗಳನ್ನು ಹೇಳುವಾಗಲೂ ಅವನು ಬೆರಗನ್ನು ಪೌಂಡುಗಳಲ್ಲಿ ತೂಗುತ್ತಾನೆ: ಟ್ರೌಟ್ ಮೂವತ್ತೈದು ನಲವತ್ತು ಪೌಂಡು, ಪೈಕ್ ನಲವತ್ತಕ್ಕೂ ಮೇಲೆ, ಮತ್ತು ಇದರಲ್ಲಿ ಸತ್ಯವನ್ನು ಮೀರಿಲ್ಲವೆಂದು ಪ್ರಮಾಣ ಮಾಡುವವನಂತೆ ಸೇರಿಸುತ್ತಾನೆ.

ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಬಲೆಯ ಸಂಬಂಧವಾದ ನಂಬಿಕೆಗಳ ವಿಷಯಕ್ಕೆ ಬಂದೊಡನೆ ಹರ್ನನ ತುಟಿ ಕೊಂಕುತ್ತದೆ. ಬಲೆಯ ಹಗ್ಗಗಳಿಗೆ ಹಕ್ಕಿಯ ಕೊಕ್ಕು ಕಾಲುಗಳನ್ನೂ, ಮೂಲೆಗಳಿಗೆ ನೀರುನಾಯಿಯ ಬೆರಳು ದವಡೆಗಳನ್ನೂ ಕಟ್ಟದೆ ನೀರಿಗಿಳಿಸರೆಂದು ಹೇಳಿ ನಗುತ್ತಾನೆ. ಹೊಸ ಬಲೆಗೆ ಬಿದ್ದ ಮೊದಲ ಮೀನನ್ನು ನೀರಿನಲ್ಲಿ ಬೇಯಿಸಕೂಡದು. ಇಡಿಯಾಗಿ ಬೆಂಕಿಯಲ್ಲಿ ಸುಟ್ಟು, ಮೂಳೆಯ ಒಂದು ಸಂಧಿಯೂ ಕಳಚದಂತೆ ಮಾಂಸವನ್ನು ಬಿಡಿಸಿ, ಮೂಳೆಗಳನ್ನು ಉದ್ದಕ್ಕೆ ಮಲಗಿಸಿ ಅಗ್ನಿಗೆ ಕೊಡಬೇಕು. ಎರಡು ಬಲೆಗಳನ್ನು ಒಂದಕ್ಕೊಂದು ಹೊಂದಿಸಿ ಕಟ್ಟಕೂಡದು, ಬಲೆಗೆ ಬಲೆಯ ಮೇಲೆ ಮತ್ಸರ ಹುಟ್ಟುವುದೆಂದು. ಹರ್ನನಿಗೆ ಇದು ಮೌಢ್ಯ. ಅವನ ಕಾಲಕ್ಕೆ ಅದು ಹೊಸದೇನೂ ಅಲ್ಲ. ಆದರೆ ಆಶ್ಚರ್ಯವೇನೆಂದರೆ, ನಗುತ್ತಿರುವಾಗಲೂ ಅವನ ಕಣ್ಣು ತಪ್ಪುವುದಿಲ್ಲ. ಮೂಳೆಗಳನ್ನು ಉದ್ದಕ್ಕೆ ಮಲಗಿಸುತ್ತಾರೆಂಬುದನ್ನು ಬಿಡದೆ ಬರೆದುಕೊಂಡಿರುವನಲ್ಲ! ಆ ಒಂದು ವಿವರದಿಂದ, ಅದು ಮೀನಿಗೆ ತೋರಿದ ಮರ್ಯಾದೆಯೆಂಬುದನ್ನು ನಾವು ಅವನ ನಗುವನ್ನು ದಾಟಿ ಕಾಣಬಲ್ಲೆವು. ಗ್ರಂಥಕರ್ತನ ಅಭಿಪ್ರಾಯಕ್ಕಿಂತ ಅವನ ಸ್ವಭಾವೋಕ್ತಿಯೇ ಹೆಚ್ಚು ನ್ಯಾಯವಂತವಾಗಿರುವ ಸ್ಥಳ ಇದು.

ಇನ್ನೊಂದು ದೋಷವು ಇದಕ್ಕಿಂತ ಆಳವಾದುದು, ಸುಲಭವಾಗಿ ಕಣ್ಣಿಗೆ ಬೀಳದು. ಬಲೆಯ ಪುಟದಲ್ಲಿ ಕ್ರಿಯೆಗಳಿವೆ, ಕರ್ತೃಗಳಿಲ್ಲ. ತೂತುಗಳು ಕೊರೆಯಲ್ಪಡುತ್ತವೆ, ಕೋಲು ಸಾಗಿಸಲ್ಪಡುತ್ತದೆ, ಹಗ್ಗವು ಭದ್ರಪಡಿಸಲ್ಪಡುತ್ತದೆ. ಇಂಗ್ಲಿಷಿನ ಕರ್ಮಣಿ ಪ್ರಯೋಗವು ಇಂತಹ ವಿದ್ಯೆಯನ್ನು ಯಾರದೂ ಅಲ್ಲದ, ಗಾಳಿಯಲ್ಲಿ ತೇಲುವ ವಿದ್ಯೆಯನ್ನಾಗಿ ಮಾಡಿಬಿಡುತ್ತದೆ. ಇದನ್ನು ಕಂಡುಕೊಂಡವರು, ಹರ್ನನಿಗೆ ತೋರಿಸಿದವರು, ಅವನಿಗೆ ಉಣಿಸಿದವರು ಚಿಪೆವಯನ್ನರು. ಅವರು ತಮ್ಮನ್ನು ದೆನೆ ಎಂದು ಕರೆದುಕೊಳ್ಳುವರು. ಗ್ರಂಥದ ಉಳಿದ ಭಾಗಗಳಲ್ಲಿ ಅವರು ಹೊಟ್ಟೆಬಾಕರಾಗಿ, ಕಳ್ಳರಾಗಿ, ಕೊಲೆಗಾರರಾಗಿ ಧಾರಾಳವಾಗಿ ಕರ್ತೃಪದಗಳಾಗುತ್ತಾರೆ. ಅವರ ಕೌಶಲವು ಬಂದ ಪುಟದಲ್ಲಿ ಮಾತ್ರ ವ್ಯಾಕರಣವು ಅವರನ್ನು ಹೊರಗೆ ನಿಲ್ಲಿಸುತ್ತದೆ.

ಈ ಪುಟವನ್ನು ಕನ್ನಡಕ್ಕೆ ತರುವವರಿಗೆ ಇದರ ಅನುಭವ ಚೆನ್ನಾಗಿ ಆಗುವುದು. ‘ಕೊರೆಯಲ್ಪಡುತ್ತವೆ’ ಎಂಬುದು ಕನ್ನಡದ ನಾಲಗೆಗೆ ಒಗ್ಗದು. ‘ಕೊರೆಯುವರು’ ಎಂದೇ ಬರೆಯಬೇಕಾಗುವುದು. ಹಾಗೆ ಬರೆದೊಡನೆ, ಹರ್ನನು ಮರೆಮಾಡಿದ ಜನರು ಕ್ರಿಯಾಪದದ ಪ್ರತ್ಯಯದೊಳಗಿಂದಲೇ ಮಂಜುಗಡ್ಡೆಯ ಮೇಲೆ ಬಂದು ನಿಲ್ಲುತ್ತಾರೆ. ಆದರೆ ಮುಂದೆ ಒಂದು ತೊಡಕಿದೆ. ಹಗ್ಗವನ್ನು ಬಿಡುವ ಒಂದು ವ್ಯಕ್ತಿ, ಬಲೆಯನ್ನೆಳೆಯುವ ಇನ್ನೊಂದು ವ್ಯಕ್ತಿ ಎಂದು ಮೂಲದಲ್ಲಿದೆ. ಅದು ಒಬ್ಬನೋ, ಒಬ್ಬಳೋ? ಎರಡನೆಯ ಪ್ರವಾಸವು ಕೆಟ್ಟುದಕ್ಕೆ ಹೆಂಗಸರನ್ನು ಕರೆದೊಯ್ಯದಿದ್ದುದೇ ಮುಖ್ಯ ಕಾರಣವೆಂದು ಮಟೊನಬ್ಬೀ ಹರ್ನನಿಗೆ ಹೇಳಿದನು. ಇಬ್ಬರು ಗಂಡಸರ ಹೊರೆಯನ್ನು ಒಬ್ಬಳು ಎಳೆಯುವಳು, ಗುಡಾರ ಹೂಡುವಳು, ಬಟ್ಟೆ ಹೊಲಿಯುವಳು. ಬರಗಾಲದಲ್ಲಿ ಅಡಿಗೆ ಮಾಡಿದ ಬೆರಳನ್ನು ನೆಕ್ಕಿಯೇ ಜೀವ ಹಿಡಿದುಕೊಳ್ಳುವಳು ಎಂದು ಅವನು ಕೊಟ್ಟ ವಿವರವನ್ನು ಹರ್ನನು ಬರೆದಿಟ್ಟಿರುವನು. ಬಲೆಯ ಪುಟದಲ್ಲಿ ಮೇಲೆ ನಾನು ‘ಒಬ್ಬರು’, ‘ಮತ್ತೊಬ್ಬರು’ ಎಂದು ಬರೆದೆನು. ಭಾಷಾಂತರಕಾರನು ಗ್ರಂಥವನ್ನೆಲ್ಲ ಮಾಡುವಾಗ ಈ ಗೌರವವಾಚಕದ ಮರೆ ಅವನಿಗೆ ಸಾಲದು. ಕೋಲನ್ನು ಸಾಗಿಸುವ ಕೈಗೆ ಅವನು ಒಂದು ಲಿಂಗವನ್ನು ಕೊಡಬೇಕಾಗುವುದು.