ಹನ್ನೊಂದು ಚುಕ್ಕೆಗಳ ಮೇಲೆ ನಿಂತ ಗೆರೆ

ವೈದ್ಯಕೀಯ ಓದಿದವರಲ್ಲಿ ಈ ಚಿತ್ರವನ್ನು ಉತ್ತರಪತ್ರಿಕೆಯಲ್ಲಿ ಬಿಡಿಸದವರು ವಿರಳ. ಅಡ್ಡಗೆರೆಯಲ್ಲಿ ಸರಾಸರಿ ರಕ್ತದೊತ್ತಡ, ಲಂಬಗೆರೆಯಲ್ಲಿ ಮಿದುಳಿನ ರಕ್ತಹರಿವು. ಒತ್ತಡ 60ರಿಂದ 150 ಮಿ.ಮೀ. ಪಾದರಸದವರೆಗೆ ಎಲ್ಲೇ ಇರಲಿ, ಹರಿವು ಕದಲುವುದಿಲ್ಲ. ನಡುವಿನ ಗೆರೆ ಪೂರ್ತಿ ಸಮತಟ್ಟು. ಡೆನ್ಮಾರ್ಕಿನ ನೀಲ್ಸ್ ಲಾಸೆನ್ 1959ರಲ್ಲಿ ‘ಫಿಸಿಯಾಲಜಿಕಲ್ ರಿವ್ಯೂಸ್’ ಪತ್ರಿಕೆಯಲ್ಲಿ ಬರೆದ ಸಮೀಕ್ಷಾ ಲೇಖನದಿಂದ ಹೊರಟ ಈ ಗೆರೆ ಆರು ದಶಕಗಳಿಂದ ಪಠ್ಯದಿಂದ ಪಠ್ಯಕ್ಕೆ ಸಾಗಿ ಬಂದಿದೆ. ಅದಕ್ಕೆ ದಕ್ಕಿದ ಮನ್ನಣೆ ಅದರ ಯೋಗ್ಯತೆಗಿಂತ ಬಹಳ ದೊಡ್ಡದು.

ಮೂಲ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅಲ್ಲಿರುವುದು ಹನ್ನೊಂದು ಚುಕ್ಕೆಗಳು. ಪ್ರತಿ ಚುಕ್ಕೆಯೂ ಒಂದು ಗುಂಪಿನ ಸರಾಸರಿ; ಗುಂಪುಗಳನ್ನು ಆಯ್ದದ್ದು ಏಳು ಬೇರೆ ಬೇರೆ ಅಧ್ಯಯನಗಳಿಂದ. ಎಡಕ್ಕೆ ಔಷಧ ಕೊಟ್ಟು ಒತ್ತಡ ಇಳಿಸಿದವರು. ನಡುವೆ ಆರೋಗ್ಯವಂತ ತರುಣರು ಮತ್ತು ಗರ್ಭಿಣಿಯರು. ಬಲಕ್ಕೆ ಗರ್ಭನಂಜಿಗೆ ಒಳಗಾದ ಹೆಂಗಸರು, ಅವರಾಚೆ ಬಿ.ಪಿ. ಕಾಯಿಲೆಯವರು. ಇವರಲ್ಲಿ ಯಾರೊಬ್ಬರ ಒತ್ತಡವನ್ನೂ ಈ ತುದಿಯಿಂದ ಆ ತುದಿಗೆ ಒಯ್ದು ಅಳೆದಿಲ್ಲ. ಗೆರೆ ಒಬ್ಬರ ಮಿದುಳಿನಲ್ಲಿ ಶುರುವಾಗಿ ಇನ್ಯಾರದೋ ಮಿದುಳಿನಲ್ಲಿ ಮುಗಿಯುತ್ತದೆ.

ಇದು ಸಣ್ಣ ಲೋಪವಲ್ಲ. ಬಲಗಡೆಯ ಚುಕ್ಕೆಗಳು ಹೇಳುವುದು ಇಷ್ಟೇ: ದೀರ್ಘಕಾಲ ಬಿ.ಪಿ. ಇದ್ದವರಲ್ಲಿ ಹರಿವು ಇತರರಷ್ಟೇ ಇದೆ. ಅವರ ನಾಳಗೋಡೆಗಳು ಆ ಒತ್ತಡಕ್ಕೆ ದಪ್ಪಗಾಗಿ ಒಗ್ಗಿಕೊಂಡಿವೆ. ಆರೋಗ್ಯವಂತನೊಬ್ಬನ ಒತ್ತಡ ಹತ್ತು ನಿಮಿಷದಲ್ಲಿ ಅಲ್ಲಿಗೇರಿದರೆ ಅವನ ಹರಿವೂ ಅಲುಗದು ಎಂಬುದು ಬೇರೆಯೇ ಹೇಳಿಕೆ, ಅದಕ್ಕೆ ಈ ಚಿತ್ರದಲ್ಲಿ ಸಾಕ್ಷಿಯಿಲ್ಲ. ಸರಾಸರಿಗಳನ್ನಷ್ಟೇ ಗುರುತಿಸಿದ್ದರಿಂದ ಪ್ರತಿ ಗುಂಪಿನೊಳಗಿನ ವ್ಯತ್ಯಾಸವೂ ಅಳಿಸಿಹೋಗಿದೆ. 150ರ ಬಳಿ ಗೆರೆ ಮೇಲಕ್ಕೆ ಚಿಮ್ಮುವ ಭಾಗವಂತೂ ಲಾಸೆನ್ ಬರೆದದ್ದೇ ಅಲ್ಲ. ಅದು ಮುಂದಿನ ದಶಕಗಳ ಸಂಶೋಧನೆಯಿಂದ ಬಂದು ಸೇರಿದ್ದು. ಗೈಟನ್‌ನ ಶರೀರಕ್ರಿಯಾಶಾಸ್ತ್ರದ ಪಠ್ಯ ಚಿತ್ರದಡಿಯ ಟಿಪ್ಪಣಿಯಲ್ಲಿ ಇದು ಬೇರೆ ಬೇರೆ ಮನುಷ್ಯರದು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಿದೆ. ವಿದ್ಯಾರ್ಥಿಯ ನೆನಪಿನಲ್ಲಿ ಉಳಿಯುವುದು ಮಾತ್ರ ಗೆರೆ.

ಒತ್ತಡವೊಂದೇ ಹರಿವಿನ ಒಡೆಯ ಎಂಬ ಭ್ರಮೆಯನ್ನೂ ಗೆರೆ ಬಿತ್ತಿತು. ಒತ್ತಡಕ್ಕೆ ಹಿಗ್ಗಿದ ನಾಳದ ಸ್ನಾಯು ತಾನಾಗಿ ಬಿಗಿಯುತ್ತದೆ ಎಂದು ಬೇಲಿಸ್ 1902ರಲ್ಲೇ ತೋರಿಸಿದ್ದ, ನಿಜ. ಆದರೆ ಧಮನಿಯಲ್ಲಿ ಇಂಗಾಲದ ಡೈಆಕ್ಸೈಡ್‌ನ ಒತ್ತಡ ಒಂದೇ ಒಂದು ಮಿ.ಮೀ. ಏರಿದರೆ ಮಿದುಳಿನ ಹರಿವು ಶೇ. 3ರಿಂದ 4ರಷ್ಟು ಹೆಚ್ಚುತ್ತದೆ. ರೋಗಿ ಗಾಬರಿಯಿಂದ ಏದುಸಿರು ಬಿಟ್ಟರೆ ಸಾಕು, ಆ ಅನಿಲ ಹೊರಹೋಗಿ, ರಕ್ತದೊತ್ತಡ ಇದ್ದಲ್ಲೇ ಇದ್ದರೂ ಹರಿವು ಕುಸಿಯುತ್ತದೆ.

ಗೆರೆಯ ನಿಜವಾದ ಪರೀಕ್ಷೆ ನಡೆದದ್ದು ಲಾಸೆನ್‌ನ ನಾಡಿನಲ್ಲೇ. ಸ್ವೆಂಡ್ ಸ್ಟ್ರಾಂಡ್‌ಗಾರ್ಡ್ 1976ರಲ್ಲಿ ಒಬ್ಬೊಬ್ಬ ವ್ಯಕ್ತಿಯ ಒತ್ತಡವನ್ನೂ ಇಳಿಸುತ್ತ, ಯಾವ ಮಟ್ಟದಲ್ಲಿ ಹರಿವು ಕುಸಿಯತೊಡಗುತ್ತದೆ ಎಂದು ನೋಡಿದರು. ಬಿ.ಪಿ. ಹತೋಟಿಯಲ್ಲಿಲ್ಲದವರಲ್ಲಿ ಆ ಮಿತಿ ಸರಾಸರಿ 113, ಚಿಕಿತ್ಸೆಯಿಂದ ಹತೋಟಿಗೆ ಬಂದವರಲ್ಲಿ 96, ಬಿ.ಪಿ. ಇಲ್ಲದವರಲ್ಲಿ 73. ಗೆರೆ ರೋಗದೊಂದಿಗೆ ಬಲಕ್ಕೆ ಸರಿಯುತ್ತದೆ, ಚಿಕಿತ್ಸೆಯೊಂದಿಗೆ ಭಾಗಶಃ ಹಿಂದೆ ಬರುತ್ತದೆ. ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಬೇಕು: ಬಿ.ಪಿ. ಇಲ್ಲದವರಲ್ಲೇ 73, ಪಠ್ಯದ 60 ಅಲ್ಲ. ಅರಿವಳಿಕೆ ತಜ್ಞ ಜಾನ್ ಡ್ರಮಂಡ್ 1997ರಲ್ಲಿ ಇದನ್ನೆತ್ತಿ ಆಕ್ಷೇಪಿಸಿದರು. ಅಷ್ಟರಲ್ಲಿ ಹಾನಿ ಆಗಿತ್ತು. ಬಿ.ಪಿ. ಏರಿದವರ ನಾಲಿಗೆಯಡಿ ನಿಫೆಡಿಪಿನ್ ಹಾಕಿ ನಿಮಿಷಗಳಲ್ಲಿ ಒತ್ತಡ ಇಳಿಸುವ ರೂಢಿ ಎಲ್ಲೆಡೆ ಹಬ್ಬಿತ್ತು. ಪಾರ್ಶ್ವವಾಯು, ಹೃದಯಾಘಾತಗಳ ವರದಿಗಳು ಕೂಡುತ್ತ ಹೋಗಿ, 1996ರಲ್ಲಿ ‘ಜಾಮಾ’ ಪತ್ರಿಕೆಯ ಲೇಖನವೊಂದು ಅದನ್ನು ನಿಲ್ಲಿಸಬೇಕಲ್ಲವೇ ಎಂದು ಕೇಳಬೇಕಾಯಿತು. ಆ ರೂಢಿಗೆ ಗೆರೆಯೊಂದೇ ಕಾರಣವಲ್ಲ. ಆದರೆ ಒತ್ತಡ ಎಷ್ಟು ಬೇಗ ಇಳಿದರೂ ಮಿದುಳು ತನ್ನ ಪಾಲನ್ನು ಉಳಿಸಿಕೊಳ್ಳುತ್ತದೆ ಎಂಬ ಧೈರ್ಯಕ್ಕೆ ಅದೇ ಆಸರೆ.

ಇಷ್ಟಾದ ಮೇಲೂ, ಈಚೆಗೆ ಗೆರೆಯನ್ನು ಒಡೆಯಲು ಹೊರಟವರ ಜೊತೆ ಪೂರ್ತಿ ನಿಲ್ಲಲಾಗದು. ಕೆನಡಾದ ಫಿಲಿಪ್ ಐನ್ಸ್‌ಲಿ ಮತ್ತು ಸಂಗಡಿಗರ ವಾದದಲ್ಲಿ ಸಮತಟ್ಟು ಭಾಗ ಕೆಲವೇ ಮಿ.ಮೀ. ಅಗಲ; ಅದರಾಚೆ ಹರಿವು ಒತ್ತಡದ ಬೆನ್ನಿಗೇ ಏರಿಳಿಯುತ್ತದೆ. ಒತ್ತಡ ಇಳಿದಾಗ ಸಿಗುವ ರಕ್ಷಣೆ, ಏರಿದಾಗ ಸಿಗುವುದಕ್ಕಿಂತ ದುರ್ಬಲ ಎಂಬ ಅವರ ಪಾಳೆಯದ ಮಾತು ನಿಲ್ಲುವಂಥದ್ದು. ಆದರೆ ಈ ಪಾಳೆಯ ಬಹುಮಟ್ಟಿಗೆ ನೆಚ್ಚಿರುವುದು 1982ರಲ್ಲಿ ಆಸ್ಲಿಡ್ ರೂಪಿಸಿದ ಡಾಪ್ಲರ್ ವಿಧಾನವನ್ನು. ಅದು ಅಳೆಯುವುದು ಒಂದು ಧಮನಿಯಲ್ಲಿ ರಕ್ತದ ವೇಗವನ್ನು, ಹರಿವನ್ನಲ್ಲ. ಧಮನಿಯ ಅಗಲ ಬದಲಾಗದಿದ್ದರೆ ಮಾತ್ರ ವೇಗವನ್ನು ಹರಿವೆಂದು ಓದಬಹುದು. ಇಂಗಾಲದ ಡೈಆಕ್ಸೈಡ್‌ನ ಮಟ್ಟ ಬದಲಾದಾಗ ಆ ಅಗಲವೂ ಬದಲಾಗುತ್ತದೆ ಎಂದು 2014ರಲ್ಲಿ ಎಂ.ಆರ್.ಐ. ತೋರಿಸಿತು. ಲಾಸೆನ್ ಆಧರಿಸಿದ ಕೇಟಿ ಮತ್ತು ಶ್ಮಿಟ್ ವಿಧಾನ ನಿಧಾನದ್ದು: ನೈಟ್ರಸ್ ಆಕ್ಸೈಡ್ ಉಸಿರಾಡಿಸಿ, ಧಮನಿ ಮತ್ತು ಕುತ್ತಿಗೆಯ ಸಿರೆಯಿಂದ ರಕ್ತ ತೆಗೆದು ಲೆಕ್ಕ ಹಾಕಬೇಕು. ಆದರೆ ಅದು ಹರಿವನ್ನೇ ಅಳೆಯುತ್ತದೆ. ಸೆಕೆಂಡುಗಳ ಏರಿಳಿತದ ಪುರಾವೆಯಿಂದ ವರ್ಷಗಳ ಹೊಂದಾಣಿಕೆಯನ್ನು ಅಲ್ಲಗಳೆಯುವುದೂ ಲಾಸೆನ್‌ನ ಓದುಗರು ಮಾಡಿದ ತಪ್ಪೇ, ತಿರುಗುಮುರುಗಾಗಿ.

ಗೆರೆಯ ಗದ್ದಲದಲ್ಲಿ ಲಾಸೆನ್‌ನ ಅದಕ್ಕಿಂತ ದೊಡ್ಡ ಬರಹ ಹಿಂದೆ ಸರಿದದ್ದು ಅನ್ಯಾಯ. 1966ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಆತ ಬರೆದ ಪುಟ್ಟ ಲೇಖನ, ಗಾಯಗೊಂಡ ಮಿದುಳಿನ ಭಾಗಕ್ಕೆ ಬೇಕಾದುದಕ್ಕಿಂತ ಹೆಚ್ಚು ರಕ್ತ ಹರಿಯುವ ಸ್ಥಿತಿಯನ್ನು ಗುರುತಿಸಿತು. ನಾಳಗಳು ಬಿಗಿಯುವ ಶಕ್ತಿ ಕಳೆದುಕೊಂಡು ತೆರೆದೇ ಬಿದ್ದಿರುತ್ತವೆ. ಅಲ್ಲಿ ಸಮತಟ್ಟು ಎಂಬುದೇ ಇಲ್ಲ, ಒತ್ತಡ ಇಳಿದಷ್ಟೂ ಹರಿವು ಇಳಿಯುತ್ತದೆ. ಪಾರ್ಶ್ವವಾಯು ವಾರ್ಡಿನಲ್ಲಿ ದಿನನಿತ್ಯ ಬೇಕಾಗುವ ತಿಳಿವಳಿಕೆ ಇದು. ಹೆಪ್ಪುಗಟ್ಟಿದ ರಕ್ತವನ್ನು ತೆಗೆದ ಮೇಲೆ ಸಿಸ್ಟೋಲಿಕ್ ಒತ್ತಡವನ್ನು 120ಕ್ಕಿಂತ ಕೆಳಗೆ ತರುವುದನ್ನೂ 140ರಿಂದ 180ರೊಳಗೆ ಬಿಡುವುದನ್ನೂ ಚೀನಾದ ಆಸ್ಪತ್ರೆಗಳಲ್ಲಿ ಹೋಲಿಸಿ ನೋಡಿದ ಪ್ರಯೋಗದ ಫಲಿತಾಂಶ 2022ರಲ್ಲಿ ಅದೇ ‘ಲ್ಯಾನ್ಸೆಟ್’ನಲ್ಲಿ ಬಂತು. ಒತ್ತಡ ಹೆಚ್ಚು ಇಳಿಸಿದವರ ಸ್ಥಿತಿ ಹದಗೆಟ್ಟದ್ದರಿಂದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದ್ದರು.